ಕೊಡೆ, ಮೇಜು, ನದಿ, ಬೆಳ್ಳಿ, ಕುದುರೆ

೧೨ ಮಾರ್ಚ್, ಭಾನುವಾರ

ಪ್ರೀತಿಯ ಮೊಂಡಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ ಎಂದು ಬರೆದೆ. ಬರೆದವಳೇ ಕೆಂಪು ಪೆನ್ನು ಹುಡುಕಿದೆ, ಅದರ ಕೆಳಗೆ ಗೆರೆ ಎಳೆಯೋಣವೆಂದು. ಮೂವತ್ತೊಂದು ವರ್ಷ ಮಕ್ಕಳ ತಪ್ಪಿಗೆ ಗೆರೆ ಎಳೆದ ಕೈ ಸ್ವಂತ ಸುಳ್ಳನ್ನು ಕಂಡರೂ ಸುಮ್ಮನಿರುವುದಿಲ್ಲ. ಆದ್ದರಿಂದ ಆ ವಾಕ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ನೀನು ಹೇಗಿದ್ದೀಯ? ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು ಕಾಲು ಊದುತ್ತದೆ ಎಂದಿದ್ದೆಯಲ್ಲ, ಈಗ ಪರವಾಗಿಲ್ಲವೇ?

ಕಾಗದ ಬರೆಯದೆ ಐದು ತಿಂಗಳ ಮೇಲಾಯಿತು. ಅದಕ್ಕೆ ಕ್ಷಮೆ ಕೇಳಬೇಕು, ಕೇಳುತ್ತಿದ್ದೇನೆ. ಫೋನ್ ಕುಕ್ಕಿದ್ದಕ್ಕೂ ಕೇಳಬೇಕು, ಆದರೆ ಅದನ್ನು ಈಗಲೇ ಕೇಳಲಾರೆ, ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ನಾನು ಎಷ್ಟು ಆಸೆಯಿಂದ ಹೇಳಿದೆ ನಿನಗೆ! ನಿನ್ನ ಭಾವನಿಗೆ ಆಸ್ಪತ್ರೆಯ ಮರೆವಿನ ವಿಭಾಗದಲ್ಲಿ ಹೊಸ ಮಾತ್ರೆ ಶುರು ಮಾಡಿದ್ದಾರೆ, ನೀಲಿ ಹೂವು ಬಿಡುವ ಒಂದು ಸಣ್ಣ ಬಳ್ಳಿಯಿಂದ ತೆಗೆದದ್ದಂತೆ, ನಮ್ಮ ನಿತ್ಯಪುಷ್ಪದ ದಾಯಾದಿಯಂತೆ, ಮೆದುಳಿಗೆ ರಕ್ತ ಸಲೀಸಾಗಿ ಹರಿಯುವ ಹಾಗೆ ಮಾಡುತ್ತದಂತೆ, ನೆನಪಿಗೆ ಒಳ್ಳೆಯದಂತೆ ಎಂದು. ನೀನು ಏನಂದೆ? "ವಿನ್‌ಪೊಸೆಟಿನ್ ತಾನೇ? ನಮ್ಮ ಅಂಗಡೀಲೂ ಇದೆ ಅಕ್ಕ, ಮೂರನೇ ಸಾಲಲ್ಲಿ. ಕೆಲವರು ಹಿತ ಅನ್ಸತ್ತೆ ಅಂತಾರೆ. ಹೋದ ನೆನಪನ್ನ ವಾಪಸ್ ತರತ್ತೆ ಅಂತ ಮಾತ್ರ ಯಾರೂ ಗಟ್ಟಿಯಾಗಿ ಹೇಳಿಲ್ಲ. ಜಾಸ್ತಿ ಆಸೆ ಇಟ್ಕೋಬೇಡ." ಅದು ಸಾಲದೆಂದು, ಭಾವ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರಾ, ಬಿಪಿ ಎಷ್ಟಿದೆ, ತಲೆ ಸುತ್ತತ್ತಾ ಎಂದು ಒಂದರ ಹಿಂದೊಂದು ಪ್ರಶ್ನೆ. ನಾನು ಫೋನ್ ಮಾಡಿದ್ದು ತಂಗಿಗೆ ಕಣೇ, ಔಷಧಿ ಅಂಗಡಿಗಲ್ಲ. ಅದಕ್ಕೇ ಕುಕ್ಕಿದೆ.

ಫೋನಿನಲ್ಲಿ ಮಾತಾಡಿದರೆ ಮತ್ತೆ ಜಗಳವಾಗುತ್ತದೆ. ಮೇಲಾಗಿ ನಿನ್ನ ಭಾವ ಪಕ್ಕದಲ್ಲೇ ಬಂದು ನಿಂತು "ಯಾರದು, ಯಾರದು" ಎಂದು ಜೀವ ತಿನ್ನುತ್ತಾರೆ. ಈಗ ಅವರು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಪೋಣಿಸುವುದು, ತೆಗೆಯುವುದು, ಮತ್ತೆ ಪೋಣಿಸುವುದು. ಆ ಸಮಯದಲ್ಲಿ ಬರೆದು ಮುಗಿಸುತ್ತೇನೆ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀನು ನಡುವೆ ಬಾಯಿ ಹಾಕುತ್ತೀಯ. ಪೋಸ್ಟ್‌ಮ್ಯಾನ್ ಶರ್ಟಿಗೆ ಇವರು ಎರಡೂ ಎಡತೋಳನ್ನೇ ಇಟ್ಟರಲ್ಲ, ಆಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಪ್ಯಾಂಟಿಗೆ ಜೇಬು ಹೊಲಿದು ಅದರ ಬಾಯಿಯನ್ನೂ ಹೊಲಿದುಬಿಟ್ಟರು. ಆಗ ನಗು ಬರಲಿಲ್ಲ. ನಿನಗೇ ಗೊತ್ತು, ಇಡೀ ಬೀದಿಯ ಅಳತೆ ಬಾಯಲ್ಲಿಟ್ಟುಕೊಂಡಿದ್ದ ಮನುಷ್ಯ ಅವರು. ಹೊಲಿಗೆ ಅಂಗಡಿ ಇಟ್ಟ ದಿನದಿಂದ ಅಳತೆ ಪುಸ್ತಕವನ್ನೇ ಇಟ್ಟವರಲ್ಲ. "ಪುಸ್ತಕ ಯಾಕೆ, ಕತ್ತಿನ ಮೇಲೆ ಇದೊಂದು ಇಲ್ವಾ" ಎಂದು ತಲೆ ಮುಟ್ಟಿ ತೋರಿಸುತ್ತಿದ್ದರು. ಆ ತಲೆ ಕೈಕೊಟ್ಟಿತು.

ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿದರು. ಹಸಿರು ಕನ್ನಡಕದ ಒಬ್ಬ ಹುಡುಗಿ ಐದು ಪದ ಹೇಳುತ್ತಾಳೆ: ಕೊಡೆ, ಮೇಜು, ನದಿ, ಬೆಳ್ಳಿ, ಕುದುರೆ. ಆಮೇಲೆ ಬೇರೆ ಏನೇನೋ ಕೇಳಿ, ಗಡಿಯಾರ ಬರೆಸಿ, ಐದು ನಿಮಿಷ ಬಿಟ್ಟು "ಆ ಐದು ಪದ ಹೇಳಿ" ಎನ್ನುತ್ತಾಳೆ. ಇವರು ಬಹಳ ಹೊತ್ತು ಚಾವಣಿ ನೋಡಿ "ಕುದುರೆ" ಎಂದರು. ಐದಕ್ಕೆ ಒಂದು! ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲೋ, ಹುಡುಗಿಯ ಮೇಲೋ, ಪದಗಳ ಮೇಲೋ, ಈಗಲೂ ಹೇಳಲಾರೆ.

ಡಾಕ್ಟರು ವಿವರಿಸಿದರು. ಈ ಮಾತ್ರೆಯಿಂದ ನಿಜವಾಗಿ ಉಪಯೋಗ ಆಗುತ್ತದೆಯೇ ಎಂದು ಅವರು ಅಧ್ಯಯನ ಮಾಡುತ್ತಿದ್ದಾರಂತೆ. ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆ. ಅಂಕ ಅಷ್ಟೇ ಇದ್ದರೆ ಅಥವಾ ಏರಿದರೆ ಮಾತ್ರೆ ಮುಂದುವರಿಯುತ್ತದೆ. ಇಳಿದರೆ ನಿಲ್ಲಿಸಿ ಫೈಲಿನ ಮೇಲೆ 'ಪ್ರಯೋಜನವಿಲ್ಲ' ಎಂದು ಬರೆಯುತ್ತಾರೆ. ಪ್ರಯೋಜನವಿಲ್ಲ! ನನ್ನ ಗಂಡನ ಹೆಸರಿನ ಕೆಳಗೆ!

ಬಸ್ಸು ಹತ್ತಿದವಳೇ ಟಿಕೆಟಿನ ಹಿಂದೆ ಆ ಐದು ಪದ ಬರೆದುಕೊಂಡೆ.

ಮಾರನೆಯ ಬೆಳಿಗ್ಗೆಯಿಂದಲೇ ಪಾಠ. ಟೀ ಆದ ಮೇಲೆ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ. ಮೊದಲ ವಾರ ಏನೂ ಸಾಗಲಿಲ್ಲ. "ಏ ಸೂಜಿ, ಬಿಡೇ, ತಲೆ ತಿನ್ಬೇಡ" ಎಂದು ನನ್ನ ಜಡೆ ಎಳೆಯುವುದು, ಇನ್ನೊಂದು ಟೀ ಕೇಳುವುದು. ಊರಿಗೆಲ್ಲ ನಾನು ಟೀಚರ್. ಪರೀಕ್ಷೆ ಹಾಲಿನಲ್ಲಿ ಚೀಟಿ ಹಿಡಿಯುತ್ತಿದ್ದುದಕ್ಕೆ ಮಕ್ಕಳಿಗೆ ಬೆನ್ನ ಹಿಂದೆ ಹದ್ದು. ಈ ಒಬ್ಬ ಮನುಷ್ಯನಿಗೆ ಮಾತ್ರ ಸೂಜಿ. ಮದುವೆಯಾದ ಮೊದಲ ವಾರವೇ ಇಟ್ಟ ಹೆಸರು, ಮಾತಿಗೆ ಮೊದಲು ಚುಚ್ಚುತ್ತೇನಂತೆ. ನೀನೂ ಅದನ್ನೇ ಹಿಡಿದು "ಸೂಜಕ್ಕ, ಸೂಜಕ್ಕ" ಎಂದು ಗೋಳು ಹೊಯ್ದುಕೊಂಡೆ, ನಾನು ಗದರಿದ ಮೇಲೆ ಬಿಟ್ಟೆ. ಸೂಜಿಯ ಮಾತನ್ನು ಅವರು ಜನ್ಮದಲ್ಲಿ ಕೇಳಿದವರಲ್ಲ, ಈಗೇಕೆ ಕೇಳುತ್ತಾರೆ? ಒಂದು ದಿನ ರೇಗಿಹೋಗಿ ಹೇಳಿದೆ. "ನೋಡ್ರೀ, ಪಾಠದ ಹೊತ್ತಲ್ಲಿ ನಾನು ನಿಮ್ಮ ಹೆಂಡ್ತಿ ಅಲ್ಲ. ಟೀಚರ್. ಟೀಚರ್ ಅನ್ನಿ."

ಅವರು ಎದ್ದು ನಿಂತು, ಕೈಕಟ್ಟಿಕೊಂಡು, "ಹಾಜರ್ ಟೀಚರ್" ಎಂದರು. ನನಗೂ ನಗು ಬಂತು. ಅಲ್ಲಿಂದ ಮುಂದೆ ಪಾಠ ಸರಾಗವಾಯಿತು.

ಇನ್ನೂ ಒಂದು ಉಪಾಯ ಮಾಡಿದೆ, ನೀನು ಮೆಚ್ಚಲೇಬೇಕು. ಹೊಸದು ತಲೆಯಲ್ಲಿ ನಿಲ್ಲದಿದ್ದರೆ, ಆಗಲೇ ನಿಂತಿರುವ ಯಾವುದಕ್ಕಾದರೂ ಅದನ್ನು ಕಟ್ಟಬೇಕು. ಮಗ್ಗಿ ಬಾರದ ಮಕ್ಕಳಿಗೆ ನಾನು ಹಾಗೆಯೇ ಕಲಿಸಿದ್ದು. ಇವರಿಗೆ ಏನು ಮರೆತರೂ ಕೋಟಿನ ಅಳತೆಯ ಕ್ರಮ ಮರೆತಿರಲಿಲ್ಲ: ಉದ್ದ, ಭುಜ, ಎದೆ, ಸೊಂಟ, ತೋಳು. ಟೇಪು ಅವರ ಕೈಗೆ ಕೊಟ್ಟು ಕಲಿಸಿದೆ. ಉದ್ದ ಅಂದರೆ ಕೊಡೆ. ಭುಜ ಅಂದರೆ ಮೇಜು. ಎದೆ ನದಿ, ಸೊಂಟ ಬೆಳ್ಳಿ, ತೋಳು ಕುದುರೆ. ಮೂರು ತಿಂಗಳು, ಒಂದು ದಿನವೂ ತಪ್ಪದೆ. ಜ್ವರ ಬಂದ ದಿನವೂ ಬಿಡಲಿಲ್ಲ.

ಎರಡನೇ ಪರೀಕ್ಷೆಗೂ ಅದೇ ಐದು ಪದ ಬಂತು. ಐದಕ್ಕೆ ಐದು! ಡಾಕ್ಟರು ಅವರ ಬೆನ್ನು ತಟ್ಟಿ, "ಮಾತ್ರೆ ಚೆನ್ನಾಗಿ ಹಿಡೀತಿದೆ ಟೀಚರ್" ಎಂದರು. ನಾನೂ ತಲೆಯಾಡಿಸಿದೆ. ತಮಾಷೆ ಕೇಳು, ಆ ಗಳಿಗೆಯಲ್ಲಿ ನಾನೂ ಅದನ್ನು ನಂಬಿದೆ.

ಈಗ ನೀನು ಮೂಗು ಮುರಿಯುತ್ತಿದ್ದೀಯ, ಇಲ್ಲಿಂದಲೇ ಕಾಣುತ್ತಿದೆ. ಇದು ಕಾಪಿ ಅಲ್ಲ ಕಣೇ, ಪುನರಾವರ್ತನೆ. ಮೂರನೇ ಪರೀಕ್ಷೆ ೨೮ಕ್ಕೆ ಇದೆ. ಒಳ್ಳೆಯದಾಗಲಿ ಎಂದು ಹಾರೈಸು, ಪ್ರಶ್ನೆ ಕೇಳಬೇಡ. ನಿನ್ನ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಸುಖವಾಗಿರು.

ನಿನ್ನ ಅಕ್ಕ

ಮತ್ತೆ ಹೊಳೆದದ್ದು: ಮೊನ್ನೆ ಪೋಸ್ಟ್‌ಮ್ಯಾನ್ ಕೋಟಿಗೆ ಅಳತೆ ಕೊಡಲು ಬಂದಿದ್ದ. ಇವರು ಟೇಪು ಹಿಡಿದು "ಕೊಡೆ ಇಪ್ಪತ್ತೊಂಬತ್ತು, ಮೇಜು ಹದಿನೆಂಟು" ಎಂದು ಕೂಗಿ ಹೇಳಿದರು. ಅವನು ನಕ್ಕ, ನಾನೂ ನಕ್ಕೆ. ಅವನು ಹೋದ ಮೇಲೆ "ಮೇಜು ಅಂದ್ರೆ ಯಾವ ಅಳತೆ ಹೇಳಿ" ಎಂದು ಕೇಳಿದೆ. ಟೇಪನ್ನೇ ನೋಡುತ್ತಾ ಕೂತರು. ಭುಜ ಎಂಬ ಮಾತು ಅವರಿಗೆ ಹೊಳೆಯಲೇ ಇಲ್ಲ.

೨೯ ಮಾರ್ಚ್, ಬುಧವಾರ

ಮೊಂಡಿ,

ನಿನ್ನ ಕಾಗದ ಬಂತು. ಏಳು ಹಾಳೆ ಬರೆದ ಅಕ್ಕನಿಗೆ ಒಂದೇ ಸಾಲಿನ ಉತ್ತರ: "ಅಕ್ಕ, ಇದು ಕಾಪಿನೇ." ಆಶೀರ್ವಾದ ಬೇಡವೇ ನಿನಗೆ? ಇರಲಿ, ಇದೆ, ತಗೋ.

ನಿನ್ನೆ ಪರೀಕ್ಷೆ ಮುಗಿಯಿತು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಹೆದರಿಕೆಯಿಂದಲ್ಲ, ಸಿಟ್ಟಿನಿಂದ.

ಅದೇ ಕೋಣೆ, ಅದೇ ಹಸಿರು ಕನ್ನಡಕದ ಹುಡುಗಿ, ಅದೇ ಸ್ಟೂಲು. ಇವರು ಇಸ್ತ್ರಿ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಬಹುಮಾನ ತೆಗೆದುಕೊಳ್ಳಲು ಬಂದವರ ಹಾಗೆ ಕೂತಿದ್ದರು. ಹುಡುಗಿ ಹಾಳೆ ತಿರುಗಿಸಿ ಪದ ಹೇಳಿದಳು: "ಕಿಟಕಿ, ಉಪ್ಪು, ಬೆಟ್ಟ, ಹಗ್ಗ, ಮೊಲ." ಪ್ರಶ್ನೆಪತ್ರಿಕೆಯನ್ನೇ ಬದಲಾಯಿಸಿದ್ದಾರೆ! ಬದಲಾಯಿಸುತ್ತಾರೆ ಎಂದು ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು. ಮೂವತ್ತೊಂದು ವರ್ಷ ನಾನೇ ಪ್ರತಿಸಲ ಬದಲಾಯಿಸಿ ಬದಲಾಯಿಸಿ ಮಕ್ಕಳ ಶಾಪ ತಿಂದವಳು.

ಐದು ನಿಮಿಷವಾಯಿತು. "ಆ ಐದು ಪದ ಹೇಳ್ತೀರಾ ಸರ್?" ಎಂದಳು. ಇವರು ಕುತ್ತಿಗೆಯ ಹತ್ತಿರ ಟೇಪಿಗಾಗಿ ತಡಕಾಡಿದರು, ಸಿಗಲಿಲ್ಲ. ಆಮೇಲೆ ಕೈಯನ್ನು ತಮ್ಮ ಬೆನ್ನಿನ ಮೇಲೆ, ಭುಜದ ಮೇಲೆ, ಎದೆಯ ಮೇಲೆ ಆಡಿಸುತ್ತಾ ಒಂದೊಂದಾಗಿ, ಸ್ಪಷ್ಟವಾಗಿ ಹೇಳಿದರು. "ಕೊಡೆ. ಮೇಜು. ನದಿ. ಬೆಳ್ಳಿ. ಕುದುರೆ." ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು, ನಾನು ರೈಟ್ ಹಾಕುತ್ತೇನೆಂದು.

ಹುಡುಗಿ ಸೊನ್ನೆ ಬರೆದಳು. ಬರೆದವಳು ತಡೆದು, ಫೈಲಿನ ಹಿಂದಿನ ಹಾಳೆ ತೆಗೆದು ನೋಡಿ, ಡಾಕ್ಟರನ್ನು ಕರೆದಳು. ಡಾಕ್ಟರು ಬಂದು ನೋಡಿದರು. ನೋಡಿದವರು ಕುಣಿಯುವುದೊಂದು ಬಾಕಿ!

"ಮೂರು ತಿಂಗಳ ಹಿಂದಿನ ಪದಗಳು ಟೀಚರ್! ಒಂದೂ ಬಿಟ್ಟಿಲ್ಲ! ಕ್ರಮ ಕೂಡ ಸರಿಯಾಗಿದೆ! ಇಂಥ ಕಾಯಿಲೆಯಲ್ಲಿ ಮೂರು ತಿಂಗಳು ನೆನಪು ನಿಲ್ಲೋದು ಅಂದ್ರೇನು! ಇದಕ್ಕೆ ಅಂಕ ಲೆಕ್ಕವೇ ಅಲ್ಲ. ನಾನು ಬೇರೆಯೇ ಬರೀತೀನಿ ಇದನ್ನ."

ಮುಂದಿನ ತಿಂಗಳು ಡಾಕ್ಟರುಗಳ ಸಭೆ ಇದೆಯಂತೆ. ಅಲ್ಲಿ ಇವರ ವಿಷಯ ಹೇಳುತ್ತಾರಂತೆ. ಸಾಧ್ಯವಾದರೆ ಇವರನ್ನೇ ಕರೆದುಕೊಂಡು ಬನ್ನಿ, ನಾಲ್ಕು ಜನ ನೋಡಲಿ ಎಂದರು. ಹಸಿರು ಕನ್ನಡಕದ ಹುಡುಗಿ ಮಾತ್ರ ಡಾಕ್ಟರ ಮುಖ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ನೋಡಿಕೊಂಡೆ. ಐದು ಬೆರಳನ್ನೂ ಒಂದೊಂದಾಗಿ ಮಡಿಚಿ ಮುಷ್ಟಿ ಮಾಡಿಕೊಂಡಿದ್ದೆ.

ಹೊರಗೆ ಕಾರಿಡಾರಿನಲ್ಲಿ ಬೇಕರಿಯವಳು ಸಿಕ್ಕಿದಳು. ನಮ್ಮ ಬೀದಿಯ ತಿರುವಿನಲ್ಲೇ ಅವರ ಬೇಕರಿ. ಅವಳ ಗಂಡನಿಗೂ ಮರೆವು ಶುರುವಾಗಿದೆ, ಅವನ ಮಾತ್ರೆಗಳೇ ಬೇರೆ. ಒಳಗಿನ ಮಾತೆಲ್ಲ ಬಾಗಿಲ ಸಂದಿನಿಂದ ಕೇಳಿಸಿಕೊಂಡಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಯಜಮಾನ್ರು ಪುಣ್ಯವಂತರು ಟೀಚರ್. ನಮ್ಮನೆಯವ್ರಿಗೆ ಬಿಪಿಗೊಂದು, ಇನ್ನೊಂದಕ್ಕೊಂದು ಅಂತ ಹಿಡಿ ಮಾತ್ರೆ ನುಂಗಿಸ್ತಿದೀನಿ, ಏನೂ ಆಗ್ಲಿಲ್ಲ. ಅವೆಲ್ಲ ನಿಲ್ಲಿಸ್ಬಿಟ್ಟು ಇದನ್ನೇ ತಂದು ಕೊಡ್ತೀನಿ. ಗಿಡದ್ದು ತಾನೇ, ತೊಂದ್ರೆ ಏನಿಲ್ಲ." ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಸ್ಪತ್ರೆಯ ಗೇಟಿಗೆ ಬಸ್ಸು ಬಂತು. ಇವರು ನನ್ನ ತೋಳು ಎಳೆದರು. ಹತ್ತಿಬಿಟ್ಟೆ. ಬಸ್ಸು ಬಂದದ್ದು ನೆಪ ಎಂದು ನೀನು ಬರೆಯುತ್ತೀಯ, ಬರೆಯಬೇಡ, ನನಗೇ ಗೊತ್ತಿದೆ.

ದಾರಿಯುದ್ದಕ್ಕೂ ಇವರದ್ದು ಒಂದೇ ಪ್ರಶ್ನೆ. "ಪಾಸಾದ್ನಾ ಟೀಚರ್? ಪಾಸಾದ್ನಾ?" ಮೂವತ್ತು ಸಲ ಕೇಳಿದರು. ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. "ಪಾಠ ಮುಗೀತು ಮಾರಾಯ್ರೇ, ಈಗ ಸೂಜಿ ಅನ್ನಿ" ಎಂದು ಗದರಿದೆ. "ಆಯ್ತು ಟೀಚರ್" ಎಂದರು. ನನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡು ಮುಖ ಊದಿಸಿ ಕೂತೆ.

ಈಗ ಯಾರ ಮೇಲೆ ಕೂಗಾಡಲಿ ಹೇಳು. ಆ ಡಾಕ್ಟರು ಅಷ್ಟು ಓದಿದ್ದಾರೆ, ಎರಡನೇ ಸಲಕ್ಕೂ ಅದೇ ಪ್ರಶ್ನೆ ಕೊಡುತ್ತಾರೆಯೇ? ನನ್ನ ಶಾಲೆಯಾಗಿದ್ದರೆ ಮೆಮೋ ಕೊಡಿಸುತ್ತಿದ್ದೆ. ಆ ಮಾತ್ರೆಯ ಡಬ್ಬಿಯ ಮೇಲೆ ನೀಲಿ ಹೂವಿನ ಚಿತ್ರ ಬೇರೆ, ನಗುತ್ತಿರುವ ಒಬ್ಬ ಮುದುಕ ಬೇರೆ. ಅವನನ್ನು ನೋಡಿದರೆ ಕಪಾಳಕ್ಕೆ ಬಿಗಿಯೋಣ ಎನಿಸುತ್ತದೆ. ಇವತ್ತು ಬೆಳಿಗ್ಗೆ ಡಬ್ಬಿಯನ್ನು ತಿರುಗಿಸಿ ಇಟ್ಟೆ. ಹಿಂಬದಿಯಲ್ಲೂ ಅವನೇ ಇದ್ದಾನೆ.

ನೀನು ಒಂದೇ ಸಾಲು ಬರೆಯಬೇಡ. ಏನು ಮಾಡಲಿ ಎಂದು ಸರಿಯಾಗಿ ಬರೆ. ಬೈದರೂ ಸರಿ, ಎರಡು ಪುಟ ಬೈಯಿ. ಒಳ್ಳೆಯದಾಗಲಿ ನಿನಗೆ.

ಅಕ್ಕ

ಬೇಕರಿಯವಳಿಗೆ ನಾಳೆ ಹೇಳುತ್ತೇನೆ. ಇವತ್ತು ಬ್ರೆಡ್ ತರಲು ಹೋದಾಗ ಅಂಗಡಿಯಲ್ಲಿ ತುಂಬ ಜನ ಇದ್ದರು.

೧೬ ಏಪ್ರಿಲ್, ಭಾನುವಾರ

ಮೊಂಡಿ,

ಎರಡು ಪುಟ ಬೈಯಿ ಎಂದರೆ ನಾಲ್ಕು ಪುಟ ಬೈದಿದ್ದೀಯ. ಕಾಗದ ಬಂದ ದಿನ ಓದಿ ಮಡಿಚಿ ದಿಂಬಿನ ಕೆಳಗಿಟ್ಟೆ, ಮೂರು ದಿನ ನಿನ್ನೊಂದಿಗೆ ಮನಸ್ಸಿನಲ್ಲೇ ಜಗಳವಾಡಿದೆ, ಸೋತೆ. ತಡವಾದದ್ದು ಅದಕ್ಕೇ. ಕೊನೆಯಲ್ಲಿ ಕೇಳಿದ್ದೀಯಲ್ಲ, "ಮಾತ್ರೆ ಬೇಕಿದ್ರೆ ನಾನೇ ಕಳಿಸ್ತಿದ್ದೆ. ಅಂಗಡೀಲಿ ಸಿಗೋ ಮಾತ್ರೆಗೋಸ್ಕರ ಯಾಕೆ ಕದ್ದೆ ಅಕ್ಕ?" ಎಂದು. ಅದಕ್ಕೆ ಉತ್ತರ ಹುಡುಕುತ್ತಾ ಹುಡುಕುತ್ತಾ ನನಗೇ ತಿಳಿಯಿತು, ನಾನು ಕದ್ದದ್ದು ಮಾತ್ರೆಗಲ್ಲ. ಅವರು ಫೇಲ್ ಆದರು ಎಂದು ಯಾರಾದರೂ ಬರೆಯುವುದನ್ನು ನೋಡಲಾರದೆ ಕದ್ದೆ. ಎಷ್ಟೋ ಮಕ್ಕಳ ಹಾಳೆಯ ಮೇಲೆ ನಾನು ಅದನ್ನು ಬರೆದು, ಊಟ ಮಾಡಿ, ನೆಮ್ಮದಿಯಾಗಿ ಮಲಗಿದ್ದೇನೆ.

ಸೋಮವಾರ ಪೋಸ್ಟ್‌ಮ್ಯಾನ್‌ನನ್ನು ಇವರ ಜೊತೆ ಕೂರಿಸಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಡಾಕ್ಟರ ಮುಂದೆ ಕೂತು, "ಆ ಪದಗಳನ್ನ ನಾನೇ ಕಲಿಸಿದ್ದು ಡಾಕ್ಟ್ರೇ" ಎಂದೆ. ಅವರಿಗೆ ಅರ್ಥವೇ ಆಗಲಿಲ್ಲ. "ಮನೇಲಿ ಅಭ್ಯಾಸ ಮಾಡ್ಸೋದು ಒಳ್ಳೇದೇ ಟೀಚರ್" ಎಂದು ನಕ್ಕರು. ಸತ್ಯ ಹೇಳಲು ಬಂದವಳಿಗೆ ಸುಳ್ಳಿನ ಬಾಗಿಲು ತೆರೆದು ಹಿಡಿದರೆ ಹೇಗಾಗುತ್ತದೆ ಹೇಳು! ಆ ನಗುವಿನೊಳಗೆ ನುಸುಳಿ ಎದ್ದು ಬರಬಹುದಿತ್ತು. ನಿನ್ನ ನಾಲ್ಕು ಪುಟ ಚೀಲದಲ್ಲಿತ್ತು. "ಅಭ್ಯಾಸ ಅಲ್ಲ. ಪ್ರಶ್ನೆಪತ್ರಿಕೆ ಕದ್ದು ಉತ್ತರ ಬಾಯಿಪಾಠ ಮಾಡ್ಸಿದೀನಿ. ಇದೇ ಕೋಣೇಲಿ ಕೂತು ಕದ್ದೆ" ಎಂದು ಬಸ್ ಟಿಕೆಟನ್ನು ಅವರ ಮೇಜಿನ ಮೇಲಿಟ್ಟೆ. ಮಕ್ಕಳಿಂದ ಹಿಡಿದ ಚೀಟಿಗಳನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಹೀಗೇ ಇಡುತ್ತಿದ್ದೆ.

ಅವರು ಟಿಕೆಟನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. "ಹನ್ನೊಂದು ಜನಕ್ಕೆ ಹೇಳ್ಬಿಟ್ಟಿದೀನಿ ಟೀಚರ್" ಎಂದಷ್ಟೇ ಹೇಳಿದರು. ಆಮೇಲೆ ಫೈಲ್ ತೆಗೆದು ಬರೆದರು. 'ಪ್ರಯೋಜನವಿಲ್ಲ' ಎಂದಲ್ಲ, 'ಪರಿಗಣಿಸುವಂತಿಲ್ಲ' ಎಂದು. ಮಾತ್ರೆಯಿಂದ ನಿನ್ನ ಭಾವನಿಗೆ ಒಂದಿಷ್ಟಾದರೂ ಹಿತವಾಗಿತ್ತೋ, ಏನೂ ಆಗಿರಲಿಲ್ಲವೋ ಎಂದು ಕೇಳಿದೆ. "ಅದನ್ನ ತಿಳ್ಕೊಳ್ಳೋಕೇ ಅಲ್ವಾ ಪರೀಕ್ಷೆ ಇದ್ದಿದ್ದು. ಇನ್ನು ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ" ಎಂದರು. ಆ ಮಾತು ಮಾತ್ರ ಈಗಲೂ ಎದೆಯಲ್ಲಿ ಮುಳ್ಳು ಮುರಿದ ಹಾಗಿದೆ. ಒಂದು ವೇಳೆ ಅದು ಕೆಲಸ ಮಾಡುತ್ತಿದ್ದರೂ ಅದನ್ನು ನಾನೇ ಅಳಿಸಿಹಾಕಿದೆ ಮೊಂಡಿ.

ಹಸಿರು ಕನ್ನಡಕದ ಹುಡುಗಿ ಬಾಗಿಲವರೆಗೂ ಬಂದಳು. "ನನಗೆ ಎರಡನೇ ಸಲವೇ ಗೊತ್ತಾಗಿತ್ತು ಟೀಚರ್, ನೀವು ಬೆರ್ಳು ಮಡಚ್ತಿದ್ರಿ" ಎಂದಳು. ಮತ್ತೆ ಯಾಕೆ ಹೇಳಲಿಲ್ಲ ತಾಯಿ ಎಂದರೆ, "ಅವ್ರು ಪಾಸಾಗ್ಲಿ ಅಂತ ನನಗೂ ಅನ್ನಿಸ್ತು" ಎಂದಳು. ಆಮೇಲೆ, "ಇನ್ಮೇಲೆ ಪಾಠ ಬೇಡ. ಸುಮ್ನೆ ಅವ್ರ ಪಕ್ಕದಲ್ಲಿ ಕೂತ್ಕೊಳ್ಳಿ" ಎಂದಳು. ಪಾಠ ನಿಲ್ಲಿಸಿದ್ದೇನೆ. ಬೆಳಿಗ್ಗೆ ಟೀ ಆದ ಕೂಡಲೇ ಅವರು ತಾವಾಗಿಯೇ ಎದ್ದು ಕೈಕಟ್ಟಿ ನಿಲ್ಲುತ್ತಾರೆ. "ಇವತ್ತು ರಜ" ಎನ್ನುತ್ತೇನೆ.

ಬೇಕರಿಗೂ ಹೋದೆ. ಈ ಸಲವೂ ಜನ ಇದ್ದರು, ಇದ್ದರೆ ಇರಲಿ ಎಂದು ಎಲ್ಲರ ಮುಂದೆಯೇ ಹೇಳಿದೆ. ಅವಳು ಎರಡು ವಾರದಿಂದ ಗಂಡನ ಬಿಪಿ ಮಾತ್ರೆ ನಿಲ್ಲಿಸಿದ್ದಳು. ಅವನು ಹಿಂದಿನ ದಿನ ಒಲೆಯ ಹತ್ತಿರ ತಲೆಸುತ್ತಿ ಬಿದ್ದಿದ್ದ, ಪುಣ್ಯಕ್ಕೆ ಬೆಂಕಿಯ ಕಡೆ ಬೀಳಲಿಲ್ಲ. ಅವಳು ನನ್ನನ್ನು ಅನ್ನಬಾರದ ಮಾತೆಲ್ಲ ಅಂದಳು. ಒಂದು ಮಾತಿಗೂ ಎದುರಾಡದೆ ನಿಂತು ಕೇಳಿಸಿಕೊಂಡೆ, ನಿನ್ನ ಅಕ್ಕ! ಸಂಜೆ ಅವಳೇ ಪೋಸ್ಟ್‌ಮ್ಯಾನ್ ಕೈಲಿ ಹೇಳಿಕಳಿಸಿದಳು, ಮಾತ್ರೆ ಮತ್ತೆ ಶುರು ಮಾಡಿದ್ದೇನೆ ಎಂದು.

ಇಷ್ಟೇ ಸುದ್ದಿ. ಫೋನ್ ಕುಕ್ಕಿದ್ದಕ್ಕೆ ಈಗ ಕ್ಷಮೆ ಕೇಳುತ್ತೇನೆ. ಅವತ್ತು ನೀನು ಹೇಳಿದ್ದು ಸರಿಯಿತ್ತು, ಹೇಳಿದ ಧಾಟಿ ಮಾತ್ರ ಸರಿಯಿರಲಿಲ್ಲ, ಅದನ್ನು ಬಿಟ್ಟುಕೊಡುವುದಿಲ್ಲ. ನಿನ್ನ ಕಾಲು, ನಿನ್ನ ಅಂಗಡಿ, ನಿನ್ನ ಮೊಂಡುತನ ಎಲ್ಲವೂ ಗಟ್ಟಿಯಾಗಿರಲಿ. ನೂರು ವರ್ಷ ಬಾಳು.

ನಿನ್ನ ಅಕ್ಕ

ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಹತ್ತು ದಿನದಿಂದ ಇವರು ಒಂದು ನೀಲಿ ಬಟ್ಟೆ ಹಿಡಿದು ಕೂತಿದ್ದರು. ಪೋಸ್ಟ್‌ಮ್ಯಾನ್ ಕೋಟು ಇರಬೇಕು, ಕೆಡಿಸಿದರೆ ಕೆಡಿಸಲಿ ಎಂದು ಸುಮ್ಮನಿದ್ದೆ. ನಿನ್ನೆ ಮಧ್ಯಾಹ್ನ ನೋಡಿದರೆ ಹ್ಯಾಂಗರಿಗೆ ಹಾಕಿದ್ದಾರೆ. ಹೆಂಗಸರ ಕೋಟು. ಒಂದು ಹೊಲಿಗೆ ತಪ್ಪಿಲ್ಲ ಮೊಂಡಿ, ಬಲತೋಳು ಬಲಕ್ಕೆ, ಎಡತೋಳು ಎಡಕ್ಕೆ, ಗುಂಡಿ ಹಾಕುವ ಕಾಜಾಗಳು ಅಷ್ಟು ಚೆಂದ. ನನಗೆ ಹೊಲಿದಿದ್ದಾರೆಂದು ಖುಷಿಯಿಂದ ತೆಗೆದು ತೋಳು ತೂರಿಸಲು ಹೋದೆ. ಓಡಿ ಬಂದು ಹಿಡಿದುಕೊಂಡರು. "ಬೇಡ ಟೀಚರ್, ಹರಿದುಹೋಗತ್ತೆ. ಇದು ಸೂಜಿ ಅಳತೆ. ಕೊಡೆ ಮೂವತ್ತೆಂಟು, ಮೇಜು ಹದಿನಾಲ್ಕು, ನದಿ ಮೂವತ್ನಾಲ್ಕು, ಬೆಳ್ಳಿ ಇಪ್ಪತ್ತಾರು, ಕುದುರೆ ಇಪ್ಪತ್ತೆರಡು. ನಿಮಗೆ ಹಿಡಿಯಲ್ಲ."

ಅದು ನನ್ನ ಇಪ್ಪತ್ತನಾಲ್ಕನೇ ವಯಸ್ಸಿನ ಅಳತೆ. ಒಂದು ಅಂಕಿಯೂ ತಪ್ಪಿಲ್ಲ.

"ನಾನೇ ಸೂಜಿ ಕಣ್ರೀ" ಎಂದೆ. ನಕ್ಕರು. ಹೊರಗಿನವರು ತಮಾಷೆ ಮಾಡಿದರೆ ಮರ್ಯಾದೆಗೆ ನಗುತ್ತಾರಲ್ಲ, ಹಾಗೆ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಟೀಚರ್, ತಪ್ಪು ತಿಳ್ಕೋಬೇಡಿ. ನೀವು ಈ ಮನೆಗೆ ಬರೋಕೆ ಶುರು ಮಾಡಿದಾಗಿನಿಂದ ಅವಳು ಕಾಣ್ತಿಲ್ಲ. ಮಾತಿಗೆ ಮೊದ್ಲು ಚುಚ್ತಾಳೆ, ಆದ್ರೆ ಒಳ್ಳೇವಳು. ಎಲ್ಲಾದ್ರೂ ಸಿಕ್ಕಿದ್ರೆ ನಾನು ಪಾಸಾದೆ ಅಂತ ಹೇಳ್ತೀರಾ?" ಮೂವತ್ತೆಂಟು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಒಮ್ಮೆಯೂ ನೀವು ಎಂದವರಲ್ಲ.

ಅಂಗಡಿಗೆ ಒಂದು ವಾರ ಬೀಗ ಹಾಕಿ ಹೊರಟು ಬಾ. ಅವರು ಮಿಷನ್ನಿನ ಮುಂದೆ ಕೂತಿರುವಾಗ ಬಾಗಿಲಲ್ಲೇ ನಿಂತು ನನ್ನನ್ನು ಸೂಜಕ್ಕ ಎಂದು ಕರೆ. ಗದರುವುದಿಲ್ಲ. ಜೋರಾಗಿ ಕರೆ, ಅವರಿಗೆ ಕೇಳಿಸಲಿ.